ಅರಣ್ಯದಲ್ಲಿ ಬಿದ್ದವರು ಯಾರು? ಇಸ್ರಾಯೇಲರ ಚರಿತ್ರೆಯನ್ನು ಕ್ರೈಸ್ತರು ಓದಿಕೊಂಡು ಬಂದ ಬಗೆ

ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರಿಕೆಯ ಹತ್ತನೆಯ ಅಧ್ಯಾಯದಲ್ಲಿ ಒಂದು ಧೈರ್ಯದ ಕೆಲಸ ಮಾಡುತ್ತಾನೆ. ಆ ಸಭೆಯಲ್ಲಿದ್ದವರು ಹೆಚ್ಚಾಗಿ ಯೆಹೂದ್ಯೇತರರು. ಮೋಶೆಯ ಜನಕ್ಕೂ ಅವರಿಗೂ ರಕ್ತಸಂಬಂಧವಿರಲಿಲ್ಲ. ಆದರೂ ಐಗುಪ್ತದಿಂದ ಹೊರಟು ಸಮುದ್ರ ದಾಟಿದವರನ್ನು ಅವನು ಅವರಿಗೂ ಪಿತೃಗಳನ್ನಾಗಿ ಮಾಡಿಬಿಡುತ್ತಾನೆ. ಅಷ್ಟಕ್ಕೇ ನಿಂತಿದ್ದರೆ ಅದು ಹೆಮ್ಮೆಪಡುವ ವಂಶಾವಳಿಯಾಗುತ್ತಿತ್ತು. ಅವನು ಮುಂದುವರಿದು, ಆ ಪಿತೃಗಳು ಸಮುದ್ರದಲ್ಲಿ ದೀಕ್ಷಾಸ್ನಾನದಂಥದ್ದನ್ನು ಪಡೆದರೂ, ಮನ್ನವನ್ನು ತಿಂದರೂ, ಬಂಡೆಯ ನೀರನ್ನು ಕುಡಿದರೂ ಅವರಲ್ಲಿ ಬಹುಪಾಲು ಜನ ಅರಣ್ಯದಲ್ಲೇ ಬಿದ್ದರು ಎಂದು ನೆನಪಿಸುತ್ತಾನೆ. ದೀಕ್ಷಾಸ್ನಾನವಾಗಿದೆ, ಕರ್ತನ ಭೋಜನದಲ್ಲಿ ಪಾಲಿದೆ, ಇನ್ನು ವಿಗ್ರಹದ ಗುಡಿಯಲ್ಲಿ ಉಂಡರೇನು ಎಂದುಕೊಂಡಿದ್ದವರಿಗೆ ಆ ಮಾತು ನೇರವಾಗಿ ತಗುಲುವಂಥದ್ದು. ಇಸ್ರಾಯೇಲರ ಚರಿತ್ರೆಯಿಂದ ಕ್ರೈಸ್ತ ನಂಬಿಕೆಯ ಪಾಠ ತೆಗೆಯುವ ಪದ್ಧತಿಯ ಅತ್ಯಂತ ಹಳೆಯ ನಿದರ್ಶನಗಳಲ್ಲಿ ಇದೂ ಒಂದು. ಮುಂದಿನ ಸುಮಾರು ಎರಡು ಸಾವಿರ ವರ್ಷಗಳಲ್ಲಿ ಈ ಪದ್ಧತಿ ಹಲವು ರೂಪ ತಳೆದಿದೆ. ರೂಪಕವಾಗಿ ಓದಿದವರಿದ್ದಾರೆ, ಅಕ್ಷರಶಃ ಓದಿದವರಿದ್ದಾರೆ, ಚಾರಿತ್ರಿಕ ವಿಮರ್ಶೆಯ ಕಣ್ಣಿನಿಂದ ಓದಿದವರೂ ಇದ್ದಾರೆ. ಆದರೆ ಪಾಠ ಗಟ್ಟಿಯೋ ಟೊಳ್ಳೋ ಎಂಬುದನ್ನು ತೀರ್ಮಾನಿಸಿದ್ದು ಈ ವಿಧಾನಗಳಲ್ಲ. ಓದುವವನು ಕಥೆಯೊಳಗೆ ತನ್ನನ್ನು ಎಲ್ಲಿ ನಿಲ್ಲಿಸಿಕೊಂಡ, ಬೇರೆಯವರನ್ನು ಎಲ್ಲಿ ನಿಲ್ಲಿಸಿದ ಎಂಬುದೇ ನಿರ್ಣಾಯಕವಾಯಿತು ಎಂಬುದು ನನ್ನ ವಾದ.

ಒಂದು ಜನಾಂಗದ ಚರಿತ್ರೆಯನ್ನು ಇನ್ನೊಬ್ಬರು ತಮ್ಮ ಪಾಠಕ್ಕಾಗಿ ಎಳೆದುಕೊಳ್ಳುವುದೇ ತಪ್ಪಲ್ಲವೇ ಎಂಬ ಆಕ್ಷೇಪ ಮೊದಲೇ ಎದುರಾಗುತ್ತದೆ. ಅದರಲ್ಲಿ ಹುರುಳಿದೆ. ಆದರೆ ಹಳೆಯದನ್ನು ಇಂದಿನ ಎಚ್ಚರಿಕೆಯಾಗಿ ಓದುವ ಅಭ್ಯಾಸ ಕ್ರೈಸ್ತರು ಹೊರಗಿನಿಂದ ತಂದದ್ದಲ್ಲ. ಹೋಶೇಯನು ಅರಣ್ಯದ ದಿನಗಳನ್ನು ಮತ್ತೆ ಬರಲಿರುವ ಪ್ರೀತಿಯ ಕಾಲವಾಗಿ ಕಂಡ. ಬಾಬಿಲೋನಿನ ಸೆರೆಯಲ್ಲಿದ್ದವರಿಗೆ ಯೆಶಾಯನ ಗ್ರಂಥದ ಉತ್ತರಭಾಗ ಎರಡನೆಯ ಬಿಡುಗಡೆಯ ದಾರಿಯನ್ನು ತೋರಿಸಿತು. 78 ಮತ್ತು 106ನೆಯ ಕೀರ್ತನೆಗಳೂ ನೆಹೆಮೀಯನ ಒಂಬತ್ತನೆಯ ಅಧ್ಯಾಯವೂ ತಮ್ಮವರ ಚರಿತ್ರೆಯನ್ನು ತಪ್ಪೊಪ್ಪಿಗೆಯ ಪಟ್ಟಿಯಾಗಿಯೇ ಹೇಳುತ್ತವೆ. 1943ರಲ್ಲಿ ಮಾರ್ಟಿನ್ ನೋತ್ ಎಂಬ ಜರ್ಮನ್ ವಿದ್ವಾಂಸ, ಧರ್ಮೋಪದೇಶಕಾಂಡದಿಂದ ಅರಸುಗಳ ಪುಸ್ತಕಗಳವರೆಗಿನದು ಒಂದೇ ಉದ್ದದ ಕೃತಿ, ಯೆರೂಸಲೇಮ್ ಬಿದ್ದ ಮೇಲೆ ಆ ದುರಂತಕ್ಕೆ ಕಾರಣ ಹುಡುಕಿ ಬರೆದದ್ದು ಎಂದು ವಾದಿಸಿದ. ವಿವರಗಳ ಬಗ್ಗೆ ಇಂದಿಗೂ ಜಗಳವಿದೆ, ಆದರೆ ಆ ಬರಹದ ಧ್ವನಿಯ ಬಗ್ಗೆ ಅನುಮಾನವಿಲ್ಲ. ಕ್ರಿ.ಪೂ. 701ರಲ್ಲಿ ಯೆಹೂದದ ಮೇಲೆ ದಂಡೆತ್ತಿ ಬಂದ ಅಸ್ಸೀರಿಯದ ಸನ್ಹೇರೀಬ ತನ್ನ ಶಾಸನದಲ್ಲಿ ಗೆದ್ದ ಊರುಗಳನ್ನೂ ಪಡೆದ ಕಪ್ಪವನ್ನೂ ಎಣಿಸಿ ಎಣಿಸಿ ಬರೆಸಿದ. ಯೆರೂಸಲೇಮನ್ನು ಹಿಡಿಯಲಾಗಲಿಲ್ಲ ಎಂಬ ಮಾತನ್ನು ಮಾತ್ರ ಎಲ್ಲೂ ಬಾಯಿಬಿಡಲಿಲ್ಲ. ಅವನ ಆಸ್ಥಾನದ ಲಿಪಿಕಾರರಿಗೆ ಹೋಲಿಸಿದರೆ, ದಾವೀದನ ವ್ಯಭಿಚಾರವನ್ನೂ ಸೊಲೊಮೋನನ ಬಿಟ್ಟಿ ಕೆಲಸದ ನೊಗವನ್ನೂ ಅಡಗಿಸದೆ ಬರೆದಿಟ್ಟವರು ಬೇರೆಯೇ ಜಾತಿಯ ಚರಿತ್ರಕಾರರು. ಈ ಚರಿತ್ರೆ ಹುಟ್ಟಿನಿಂದಲೇ ಆತ್ಮಪರೀಕ್ಷೆ. ಪೌಲ ಅದರ ದಿಕ್ಕನ್ನು ಬದಲಿಸಲಿಲ್ಲ, ಕೇಳುವವರ ವಲಯವನ್ನು ಹಿಗ್ಗಿಸಿದ, ಅಷ್ಟೆ.

ದಿಕ್ಕು ಬದಲಾದದ್ದು ಆಮೇಲೆ, ಅದೂ ಬಹಳ ಬೇಗ. ಬಾರ್ನಬನ ಹೆಸರಿನಲ್ಲಿ ಹಬ್ಬಿದ ಒಂದು ಹಳೆಯ ಪತ್ರಿಕೆ, ಬಂಗಾರದ ಕರುವಿನ ಮುಂದೆಯೇ ಇಸ್ರಾಯೇಲರು ಒಡಂಬಡಿಕೆಯನ್ನು ಕಳೆದುಕೊಂಡರು, ಈಗ ಅದು ನಮ್ಮದು ಎಂದು ಸಾಧಿಸುತ್ತದೆ. ಎರಡನೆಯ ಶತಮಾನದಲ್ಲಿ ಸಾರ್ದಿಸಿನ ಮೆಲಿತೋ ಪಸ್ಕದ ಬಗ್ಗೆ ಬರೆದ ಪ್ರಸಂಗ ವಾಕ್ಚಾತುರ್ಯದಲ್ಲಿ ಅಸಾಧಾರಣವಾದದ್ದು; ಅದೇ ಪ್ರಸಂಗ ಇಸ್ರಾಯೇಲರ ಮೇಲೆ ದೇವಹತ್ಯೆಯ ಆರೋಪ ಹೊರಿಸುತ್ತದೆ. 386-387ರಲ್ಲಿ ಅಂತಿಯೋಕ್ಯದಲ್ಲಿ ಜಾನ್ ಕ್ರಿಸೊಸ್ತೊಮ್, ಯೆಹೂದ್ಯರ ಹಬ್ಬಗಳಿಗೆ ಹೋಗುತ್ತಿದ್ದ ಕ್ರೈಸ್ತರನ್ನು ತಡೆಯಲೆಂದು ಕೊಟ್ಟ ಪ್ರಸಂಗಗಳಲ್ಲಿ ಪ್ರವಾದಿಗಳ ಬೈಗುಳಗಳನ್ನೇ ಹೆಕ್ಕಿ ನೆರೆಹೊರೆಯ ಯೆಹೂದ್ಯರ ಮೇಲೆ ಪ್ರಯೋಗಿಸಿದ. ಆಮೋಸ, ಯೆರೆಮೀಯರು ತಮ್ಮವರ ನಡುವೆ ನಿಂತು ಆಡಿದ ಮಾತು ಪರರ ಬಾಯಲ್ಲಿ ಸಾಕ್ಷ್ಯವಾಯಿತು. ತನ್ನ ತಪ್ಪನ್ನು ತಾನೇ ಬರೆದಿಟ್ಟ ಜನಾಂಗಕ್ಕೆ ಅದಕ್ಕಾಗಿಯೇ ಶಿಕ್ಷೆಯಾದದ್ದು ಈ ಚರಿತ್ರೆಯ ಅತ್ಯಂತ ಕಹಿಯಾದ ವಿಪರ್ಯಾಸ. ಹಾಗೆಂದು ಹಳೆಯ ಒಡಂಬಡಿಕೆಯನ್ನೇ ಕೈಬಿಟ್ಟಿದ್ದರೆ ಸರಿಹೋಗುತ್ತಿತ್ತೇ? 144ರಲ್ಲಿ ರೋಮಿನ ಸಭೆಯಿಂದ ಹೊರಬಿದ್ದ ಮಾರ್ಸಿಯೋನ್ ಹೇಳಿದ್ದು ಅದನ್ನೇ. ಸಭೆ ಅವನನ್ನು ಒಪ್ಪಲಿಲ್ಲ. ಪುಸ್ತಕವನ್ನು ಉಳಿಸಿಕೊಂಡು ಅದರ ಜನರನ್ನು ದೂರ ತಳ್ಳುವ ದಾರಿ ಹಿಡಿಯಿತು.

ಮೂರನೆಯ ಶತಮಾನದ ಓರಿಗೆನ್ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಇಂದಿನ ಓದುಗರು ಸುಲಭವಾಗಿ ಗೇಲಿ ಮಾಡುವುದು ಅವನನ್ನೇ. ಯೆಹೋಶುವನ ಪುಸ್ತಕದ ಮೇಲೆ ಅವನು ಕೊಟ್ಟ 26 ಪ್ರಸಂಗಗಳು ಲ್ಯಾಟಿನ್ ಅನುವಾದದಲ್ಲಿ ಉಳಿದಿವೆ. ಅಲ್ಲಿ ಕಾನಾನಿನ ಜನಾಂಗಗಳು ಮನುಷ್ಯನೊಳಗಿನ ಪಾಪಗಳಾಗುತ್ತವೆ, ಯೆರಿಕೋ ಕುಸಿಯಬೇಕಾದ ಲೋಕವಾಗುತ್ತದೆ. ಈ ಯುದ್ಧಗಳು ಆತ್ಮಿಕ ಯುದ್ಧದ ಛಾಯೆ ಅಲ್ಲದಿದ್ದರೆ, ಶಾಂತಿಯನ್ನು ಬೋಧಿಸಿದ ಕ್ರಿಸ್ತನ ಶಿಷ್ಯರು ಓದಲೆಂದು ಅಪೊಸ್ತಲರು ಈ ಪುಸ್ತಕವನ್ನು ಒಪ್ಪಿಸುತ್ತಲೇ ಇರಲಿಲ್ಲ ಎಂಬುದು ಅವನ ತರ್ಕ. ಇದು ಪಠ್ಯದ ಮೂಲ ಅರ್ಥವಲ್ಲ ಎಂಬ ಟೀಕೆ ಪುರಾತನ ಸಭೆಯಲ್ಲೇ ಹುಟ್ಟಿತು. ಅಂತಿಯೋಕ್ಯದ ಪಂಥದವರು, ವಿಶೇಷವಾಗಿ 428ರಲ್ಲಿ ತೀರಿಕೊಂಡ ಮೊಪ್ಸುವೆಸ್ತಿಯದ ಥಿಯೊಡೋರ್, ನಡೆದ ಸಂಗತಿಯನ್ನು ಕರಗಿಸಿಬಿಟ್ಟರೆ ಪಾಠಕ್ಕೆ ನೆಲೆಯೇ ಇರುವುದಿಲ್ಲ ಎಂದು ಪಟ್ಟುಹಿಡಿದರು. ವಿದ್ವತ್ತಿನ ಲೆಕ್ಕದಲ್ಲಿ ಗೆಲ್ಲಬೇಕಾದವರು ಅಂತಿಯೋಕ್ಯದವರೇ. ಆದರೂ ಒಂದು ಮಾತು ಹೇಳದೆ ವಿಧಿಯಿಲ್ಲ: ಓರಿಗೆನ್‌ನ ಓದಿನಲ್ಲಿ ಕತ್ತಿಯ ಮೊನೆ ಓದುಗನ ಎದೆಯ ಕಡೆಗೇ ತಿರುಗಿದೆ, ಹೊರಗಿನ ಯಾವ ಕಾನಾನ್ಯನೂ ಸಾಯಬೇಕಾಗಿಲ್ಲ. ಅತ್ತ ಚರಿತ್ರೆಗೆ ನಿಷ್ಠೆ ತೋರಿದ ಅದೇ ಅಂತಿಯೋಕ್ಯದ ಪಂಥದಿಂದಲೇ ಬಂದವನು ಕ್ರಿಸೊಸ್ತೊಮ್. ಒಳ್ಳೆಯ ವಿಧಾನ ಒಳ್ಳೆಯ ಪಾಠಕ್ಕೆ ಖಾತ್ರಿಯಲ್ಲ. ಮಧ್ಯಯುಗದ ನಾಲ್ಕು ಅರ್ಥಗಳ ಕ್ರಮ, ಅದಕ್ಕೆ ಅಡಿಪಾಯ ಹಾಕಿದ ಕಾಸಿಯನ್, ರಾಶಿಯಂಥ ಯೆಹೂದ್ಯ ಪಂಡಿತರ ವ್ಯಾಖ್ಯಾನವನ್ನು ಮುಂದಿಟ್ಟುಕೊಂಡೇ ಬರೆದ ಲೀರದ ನಿಕೊಲಸ್, ಇವರೆಲ್ಲ ಉಪಕರಣಗಳನ್ನು ಹರಿತಗೊಳಿಸಿದರು. ಪ್ರಶ್ನೆ ಹಾಗೆಯೇ ಉಳಿಯಿತು.

ಹದಿನಾರನೆಯ ಶತಮಾನದ ಸುಧಾರಣೆಯಲ್ಲಿ ಕಾಲ್ವಿನ್ ಎರಡೂ ಒಡಂಬಡಿಕೆಗಳು ಮೂಲತಃ ಒಂದೇ, ಬೇರೆಯಾದದ್ದು ನಿರ್ವಹಣೆಯ ರೀತಿ ಎಂದು ಬರೆದ. ಅದರಿಂದ ಇಸ್ರಾಯೇಲ್ ಮತ್ತು ಸಭೆಯ ನಡುವಿನ ಅಂತರ ಕುಗ್ಗಿತು. ನಾವೇ ಇಸ್ರಾಯೇಲರು ಎನ್ನುವುದು ಸುಲಭವಾಯಿತು. ಅಟ್ಲಾಂಟಿಕ್ ದಾಟಿದ ಪ್ಯೂರಿಟನ್ನರು ಸಮುದ್ರವನ್ನೂ ಅರಣ್ಯವನ್ನೂ ವಾಗ್ದತ್ತ ದೇಶವನ್ನೂ ತಮ್ಮ ಪ್ರಯಾಣದಲ್ಲೇ ಕಂಡರು. 1637ರಲ್ಲಿ ಮಿಸ್ಟಿಕ್ ಎಂಬಲ್ಲಿ ಪೀಕ್ವಾಟ್ ಜನರ ಕೋಟೆಗೆ ಬೆಂಕಿಯಿಟ್ಟು ಹೆಂಗಸರು ಮಕ್ಕಳೆನ್ನದೆ ಕೊಂದಾಗ, ದಂಡಿನ ನಾಯಕರಲ್ಲಿ ಒಬ್ಬನಾದ ಜಾನ್ ಅಂಡರ್‌ಹಿಲ್ ಮರುವರ್ಷ ಅಚ್ಚಾದ ತನ್ನ ಬರಹದಲ್ಲಿ ದಾವೀದನ ಯುದ್ಧವನ್ನು ನೋಡಿಕೊಳ್ಳಿ ಎಂದು ಸಮರ್ಥಿಸಿಕೊಂಡ. ಅದೇ ಖಂಡದಲ್ಲಿ ಗುಲಾಮರಾಗಿದ್ದ ಆಫ್ರಿಕದವರು ಅದೇ ವಿಮೋಚನಕಾಂಡವನ್ನು ಕೇಳಿ ಫರೋಹನನ್ನು ತಮ್ಮ ಯಜಮಾನನಲ್ಲಿ ಗುರುತಿಸಿದರು. ಹ್ಯಾರಿಯೆಟ್ ಟಬ್ಮನ್ ಮೋಶೆ ಎಂದೇ ಹೆಸರಾದಳು. ಆ ಓದಿನ ಬಲ ಯಜಮಾನರ ಕಡೆಯವರಿಗೂ ಗೊತ್ತಿತ್ತು. ಬ್ರಿಟಿಷ್ ವೆಸ್ಟ್ ಇಂಡೀಸಿನ ಗುಲಾಮರಿಗೆಂದು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆಯ್ದ ಬೈಬಲಿನಲ್ಲಿ ಐಗುಪ್ತಕ್ಕೆ ಮಾರಾಟವಾದ ಯೋಸೇಫನ ಕಥೆ ಇತ್ತು, ಐಗುಪ್ತದಿಂದ ಹೊರಟ ಕಥೆ ಇರಲಿಲ್ಲ. ಗುಲಾಮರೂ ಇನ್ನೊಬ್ಬನನ್ನು ಫರೋಹನ ಸ್ಥಾನದಲ್ಲಿ ನಿಲ್ಲಿಸಿದರಲ್ಲ, ಅದೂ ಪರರ ಮೇಲಿನ ಆರೋಪವೇ ಅಲ್ಲವೇ ಎಂದು ಕೇಳಬಹುದು. ಆರೋಪವೇ ಹೌದು. ಆದರೆ ಅವರ ಕೊರಳಿನ ಬೇಡಿ ಅವರು ಕಥೆಯಿಂದ ಎರವಲು ತಂದದ್ದಲ್ಲ. ಪ್ಯೂರಿಟನ್ನರು ಗೆದ್ದವರಾಗಿದ್ದೂ ಹಿಂಸೆಗೊಳಗಾದವರ ಜಾಗದಲ್ಲಿ ಕುಳಿತರು. ಇವರು ತಮಗಿದ್ದ ಜಾಗವನ್ನೇ ಕಥೆಯಲ್ಲಿ ಕಂಡುಕೊಂಡರು.

ಇಷ್ಟರಲ್ಲಿ ಚರಿತ್ರೆಯ ನಿಜಾಂಶದ ಪ್ರಶ್ನೆ ಎದ್ದಿತ್ತು. 1670ರಲ್ಲಿ ಸ್ಪಿನೋಜ, ಐದು ಕಾಂಡಗಳನ್ನು ಮೋಶೆ ಬರೆದಿರಲಾರ ಎಂದ. 1878ರಲ್ಲಿ ವೆಲ್‌ಹೌಸನ್, ಯಾಜಕರ ಧರ್ಮಶಾಸ್ತ್ರ ಪ್ರವಾದಿಗಳ ನಂತರದ್ದು ಎಂದು ತೋರಿಸಿ ಕಾಲಕ್ರಮವನ್ನೇ ತಿರುಗಿಸಿದ. ಅಗೆತಗಳೂ ಮಿಶ್ರ ಉತ್ತರ ಕೊಟ್ಟವು. 1896ರಲ್ಲಿ ಥೀಬ್ಸ್‌ನಲ್ಲಿ ಸಿಕ್ಕ ಮೆರ್ನೆಪ್ತಾನ ಶಿಲಾಶಾಸನ, ಕ್ರಿ.ಪೂ. 1208ರ ಸುಮಾರಿಗೆ ಕಾನಾನಿನಲ್ಲಿ ಇಸ್ರಾಯೇಲ್ ಎಂಬ ಜನವಿತ್ತು ಎಂದು ತೋರಿಸಿತು (ಬೈಬಲಿನ ಹೊರಗೆ ಖಚಿತವಾಗಿ ಸಿಗುವ ಆ ಮೊದಲ ಉಲ್ಲೇಖ, ಇಸ್ರಾಯೇಲ್ ನಿರ್ನಾಮವಾಯಿತು ಎಂಬ ಫರೋಹನ ಜಂಬ!). 1993ರಲ್ಲಿ ತೇಲ್ ದಾನ್‌ನಲ್ಲಿ ದಾವೀದನ ಮನೆತನದ ಹೆಸರು ಕಂಡಿತು. ಆದರೆ 1952ರಿಂದ 1958ರವರೆಗೆ ಯೆರಿಕೋದಲ್ಲಿ ಅಗೆದ ಕ್ಯಾಥ್ಲೀನ್ ಕೆನ್ಯನ್‌ಗೆ ಯೆಹೋಶುವನದೆಂದು ಹೇಳಲಾಗುವ ಕಾಲದ ಕೋಟೆಗೋಡೆ ಸಿಗಲಿಲ್ಲ. ಗೋಡೆಯೇ ಇಲ್ಲದ ಮೇಲೆ ಅದು ಬಿದ್ದ ಪಾಠ ಎಲ್ಲಿ ಉಳಿಯಿತು? ಎಲ್ಲವೂ ನೀತಿಕಥೆ ಎಂದು ನುಣುಚಿಕೊಳ್ಳುವ ಹಾಗಿಲ್ಲ. ದೇವರು ಕಾಲದಲ್ಲಿ, ಜನರ ನಡುವೆ ಕೆಲಸ ಮಾಡುತ್ತಾನೆ ಎಂಬುದೇ ಈ ನಂಬಿಕೆಯ ಜೀವಾಳ. ಆದರೆ ಸಮಾರ್ಯದ ಪತನ, ಯೆರೂಸಲೇಮಿನ ನಾಶ, ಸೆರೆವಾಸ ಇವು ಅಲುಗಾಡದ ಚರಿತ್ರೆ. ಹಿಂದಿನ ಕಥೆಗಳು ಇಂದಿನ ರೂಪ ಪಡೆದದ್ದು ಬಹುಮಟ್ಟಿಗೆ ಆ ಸೋಲಿನ ನೆರಳಿನಲ್ಲಿ. ಯೆರಿಕೋದ ಕಥೆಯನ್ನು ಹೇಳಿಕೊಂಡದ್ದು ನಾಡನ್ನು ಕಳೆದುಕೊಂಡವರು, ಗೆದ್ದವರಲ್ಲ. ವಿಮರ್ಶೆ ಪಾಠವನ್ನು ಕೊಲ್ಲಲಿಲ್ಲ, ಪಾಠ ಹೇಳುತ್ತಿದ್ದವರು ಯಾರು ಎಂಬುದನ್ನು ಬಯಲಿಗೆ ತಂದಿತು.

ಆದರೂ ವಿಮರ್ಶಕರ ನಾಡಿನಲ್ಲೇ ಮಾರ್ಸಿಯೋನ್ ಮತ್ತೆ ತಲೆಯೆತ್ತಿದ. 1921ರಲ್ಲಿ ಅವನ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದ ಹಾರ್ನಾಕ್, ಪ್ರೊಟೆಸ್ಟಂಟರು ಇನ್ನೂ ಹಳೆಯ ಒಡಂಬಡಿಕೆಗೆ ಪ್ರಮಾಣಗ್ರಂಥದ ಸ್ಥಾನ ಕೊಡುವುದು ಸಭೆಯ ಜಡತೆ ಎಂದ. ಅವನದು ಪಂಡಿತನ ಮಾತು. 1933ರ ನವೆಂಬರ್ 13ರಂದು ಬರ್ಲಿನ್ನಿನ ಕ್ರೀಡಾಭವನದಲ್ಲಿ ನಾಜಿ ಪರ ಕ್ರೈಸ್ತರ ನಾಯಕ ರೈನ್‌ಹೋಲ್ಡ್ ಕ್ರೌಸ ಆ ಪುಸ್ತಕವನ್ನು ಕಿತ್ತೆಸೆಯಿರಿ ಎಂದಾಗ ಅದು ನಾಜಿಗಳ ಮಾತಾಗಿತ್ತು. ಮರುವರ್ಷ ನಾಜಿ ಒಲವಿನ ಯೇನಾ ವಿಶ್ವವಿದ್ಯಾಲಯಕ್ಕೆ ಬಂದ ಗೆರ್ಹಾರ್ಡ್ ಫಾನ್ ರಾಡ್ ಅಲ್ಲೇ ಹಳೆಯ ಒಡಂಬಡಿಕೆಯನ್ನು ಕಲಿಸಿದ. 1938ರ ಅವನ ಪ್ರಬಂಧ, ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ರೈತನೊಬ್ಬ ಪ್ರಥಮಫಲದ ಪುಟ್ಟಿ ಹಿಡಿದು ಹೇಳುವ ಮಾತನ್ನು ಇಸ್ರಾಯೇಲರ ಪುರಾತನ ವಿಶ್ವಾಸಪ್ರಮಾಣವೆಂದು ಗುರುತಿಸಿತು: ಅಲೆಮಾರಿ ಪೂರ್ವಜ, ಐಗುಪ್ತದ ಬಿಟ್ಟಿ ಕೆಲಸ, ಮೊರೆ, ಬಿಡುಗಡೆ, ಭೂಮಿ. ಅದು ಅಷ್ಟು ಪುರಾತನವಲ್ಲ ಎಂದು ನಂತರದವರು ತಿದ್ದಿದ್ದಾರೆ. ಯೆಹೂದ್ಯರ ಬಗೆಗಿನ ಸಭೆಯ ಮಾತು ಅಧಿಕೃತವಾಗಿ ಬದಲಾದದ್ದು ಲಕ್ಷೋಪಲಕ್ಷ ಹತ್ಯೆಗಳಾದ ಮೇಲೆ, 1965ರ ಅಕ್ಟೋಬರ್ 28ರ ವ್ಯಾಟಿಕನ್ ಘೋಷಣೆಯಲ್ಲಿ. 2001ರಲ್ಲಿ ಪಾಪಲ್ ಬೈಬಲ್ ಆಯೋಗ, ಯೆಹೂದ್ಯರ ಓದೂ ಸಾಧ್ಯವಾದ ಓದೇ ಎಂದು ಒಪ್ಪಿಕೊಂಡಿತು. ತಡವಾಗಿ ಬಂದ ವಿವೇಕ.

ಗಟ್ಟಿಯಾದ ಆಕ್ಷೇಪ ಇನ್ನೂ ಬಾಕಿಯಿದೆ. 1989ರಲ್ಲಿ ಓಸೇಜ್ ಬುಡಕಟ್ಟಿನ ರಾಬರ್ಟ್ ಅಲೆನ್ ವಾರಿಯರ್, ಅಮೆರಿಕದ ಮೂಲನಿವಾಸಿಗಳಿಗೆ ಈ ಕಥೆಯಲ್ಲಿ ಇರುವ ಜಾಗ ಇಸ್ರಾಯೇಲರದಲ್ಲ, ಕಾನಾನ್ಯರದು ಎಂದು ಬರೆದ. ಬಿಡುಗಡೆ ಮಾಡುವ ದೇವರೇ ಮುಂದಿನ ಪುಟದಲ್ಲಿ ದೇಶ ವಶಪಡಿಸಿಕೊಡುವ ದೇವರು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮರೆಯಲಾಗದು. ವಿದ್ವಾಂಸರು ದಂಡಯಾತ್ರೆ ನಡೆಯಲೇ ಇಲ್ಲ ಎಂದು ತೋರಿಸಿದರೂ ಓದುವವರ ಕೈಯಲ್ಲಿ ಇರುವುದು ಪಠ್ಯವೇ ಎಂಬ ಅವನ ಮಾತಿಗೆ ಸಲೀಸಾದ ಉತ್ತರವಿಲ್ಲ. ಆ ಪುಸ್ತಕದೊಳಗೇ ಕಾನಾನಿನ ರಾಹಾಬಳು ಉಳಿದು ಯೆಹೂದ ಕುಲದ ಆಕಾನನು ಸಾಯುತ್ತಾನೆ. ನೀನು ನಮ್ಮ ಕಡೆಯವನೋ ಶತ್ರುಗಳ ಕಡೆಯವನೋ ಎಂದು ಯೆಹೋಶುವ ಕೇಳಿದಾಗ ಯೆಹೋವನ ಸೇನಾಪತಿ ಎರಡೂ ಅಲ್ಲ ಎಂಬಂತೆ ಉತ್ತರಿಸುತ್ತಾನೆ. ಇವು ಪಠ್ಯ ತನ್ನ ಮೇಲೆ ತಾನೇ ಹಾಕಿಕೊಂಡ ಲಗಾಮುಗಳು. ಸತ್ತವರ ಲೆಕ್ಕವನ್ನು ಅವು ಅಳಿಸುವುದಿಲ್ಲ. ನನ್ನ ವಾದವೂ ಇಲ್ಲಿ ಪೂರ್ತಿ ಗೆಲ್ಲುವುದಿಲ್ಲ, ಆದರೆ ಇಷ್ಟು ಹೇಳಬಲ್ಲದು: ತಾನು ಕಾನಾನ್ಯನಾಗಿ ನಿಂತು ಒಮ್ಮೆಯೂ ಓದದವನು ಈ ಪುಸ್ತಕದಿಂದ ಪಾಠ ಹೇಳಲು ಹೊರಡಬಾರದು.

ಭಾರತದಲ್ಲಿ ಈ ಚರ್ಚೆಗೆ ತಿರುವು ಕೊಟ್ಟ ಸ್ಥಳ ಬೆಂಗಳೂರು. ಇಲ್ಲಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಕೊಟ್ಟ ಉಪನ್ಯಾಸವನ್ನು ದಲಿತ ದೇವಶಾಸ್ತ್ರದ ಆರಂಭವೆಂದು ಎಣಿಸುತ್ತಾರೆ. ಮುಂದೆ ಅವರು ದಲಿತ ಕ್ರೈಸ್ತರ ವಿಶ್ವಾಸದ ಮಾತಿಗೆ ಮಾದರಿಯಾಗಿ ಆರಿಸಿಕೊಂಡದ್ದು ಫಾನ್ ರಾಡ್ ಎತ್ತಿ ತೋರಿಸಿದ್ದ ಆ ರೈತನ ಮಾತನ್ನೇ. ಮೇಲ್ಜಾತಿಯಿಂದ ಬಂದ ಕ್ರೈಸ್ತ ಚಿಂತಕರು ವೇದಾಂತದಲ್ಲಿ ಕ್ರಿಸ್ತನನ್ನು ಹುಡುಕುತ್ತಿದ್ದ ಹೊತ್ತಿನಲ್ಲಿ, ಜನವೇ ಅಲ್ಲ ಎನಿಸಿಕೊಂಡವರು ದೇವರ ಜನವಾದ ಚರಿತ್ರೆಯನ್ನು ನಿರ್ಮಲ್ ಮುಂದಿಟ್ಟರು. ಹಾಲೂ ಜೇನೂ ಹರಿಯುವ ದೇಶಕ್ಕಿಂತ ಪೂರ್ಣ ಮನುಷ್ಯತ್ವ ಅವರಿಗೆ ಮುಖ್ಯವಾಗಿತ್ತು. ಬಿಡುಗಡೆಯ ಈ ಮಾದರಿ ಪೀಡಕ ಮತ್ತು ಪೀಡಿತ ಎಂಬ ಎರಡೇ ಪಾತ್ರಗಳನ್ನು ಉಳಿಸುತ್ತದೆ, ಕಾನಾನ್ಯರನ್ನು ಮರೆಸುತ್ತದೆ ಎಂಬ ಟೀಕೆಯೂ ನಂತರ ಬಂತು. ಫಾನ್ ರಾಡ್ ಆ ವಿಶ್ವಾಸಪ್ರಮಾಣವನ್ನು ಒಂಬತ್ತನೆಯ ವಚನಕ್ಕೆ ನಿಲ್ಲಿಸಿದ್ದ. ಅಧ್ಯಾಯ ಅಲ್ಲಿಗೆ ನಿಲ್ಲುವುದಿಲ್ಲ: ಪುಟ್ಟಿಯನ್ನು ಇಳಿಸಿ ಅಡ್ಡಬಿದ್ದ ಮೇಲೆ ಆ ರೈತ ಊರಲ್ಲಿರುವ ಪರದೇಶಿಯೊಡನೆ ಕೂಡಿ ಸಂತೋಷಪಡಬೇಕು, ಮೂರನೆಯ ವರ್ಷದ ದಶಮಾಂಶವನ್ನು ಲೇವಿಯನಿಗೂ ಪರದೇಶಿಗೂ ಅನಾಥನಿಗೂ ವಿಧವೆಗೂ ಕೊಡಬೇಕು, ಕೊಟ್ಟದ್ದಾಗಿದೆ ಎಂದು ದೇವರ ಮುಂದೆ ಬಾಯಿಬಿಟ್ಟು ಹೇಳಬೇಕು.