ಪದ ಪರಿಚಯ: ಕೊಳೆ

ಕೊಳೆ ಅಚ್ಚಗನ್ನಡದ ಮಾತು. ನಾಮಪದವೂ ಹೌದು, ಕ್ರಿಯಾಪದವೂ ಹೌದು. ಅಂಗಿ ಕೊಳೆಯಾಗುತ್ತದೆ, ಹಣ್ಣು ಕೊಳೆಯುತ್ತದೆ, ಮಲೆನಾಡಿನ ಅಡಕೆಗೆ ಕೊಳೆರೋಗ ಬರುತ್ತದೆ. ಬೆಂಗಳೂರಿನ ಪೂರ್ವಭಾಗದಲ್ಲಿ ಈ ಪದ ನೀರಿಗೇ ಅಂಟಿಕೊಂಡಿದೆ. ಹಲಸೂರು ಕೆರೆಯ ಕೋಡಿ ನೀರು ಚಲ್ಲಘಟ್ಟ ಕಣಿವೆಯ ರಾಜಕಾಲುವೆ ಹಿಡಿದು ಬೆಳ್ಳಂದೂರು ಕೆರೆಗೆ ಇಳಿಯುವಷ್ಟರಲ್ಲಿ ಕೊಳೆನೀರಾಗಿರುತ್ತದೆ.

‘ತ್ಯಾಜ್ಯನೀರು’ ಎಂಬ ಕಚೇರಿ ಮಾತಿಗಿಂತ ನನಗೆ ಇದೇ ಇಷ್ಟ. ತ್ಯಾಜ್ಯವೆಂದರೆ ಬಿಸಾಡಬೇಕಾದದ್ದು, ಅಷ್ಟೆ. ಕೊಳೆನೀರಿನಲ್ಲಿ ಕ್ರಿಯೆಯೊಂದು ಇನ್ನೂ ನಡೆಯುತ್ತಿದೆ: ಸೂಕ್ಷ್ಮಜೀವಿಗಳು ಉಣ್ಣುತ್ತಿವೆ. ಉಣ್ಣುವಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಆಮ್ಲಜನಕವಿಲ್ಲದ ತೊಟ್ಟಿಯಲ್ಲಿ ಜಿಯೋಬ್ಯಾಕ್ಟರ್‌ನಂಥವು ಅವನ್ನು ಇಂಗಾಲದ ವಿದ್ಯುದ್ವಾರಕ್ಕೆ ದಾಟಿಸುತ್ತವೆ. ಅಲ್ಲಿಂದ ತಂತಿಯ ಮೂಲಕ, ಗಾಳಿ ತಾಗುವ ಇನ್ನೊಂದು ವಿದ್ಯುದ್ವಾರಕ್ಕೆ ಹರಿದರೆ ವಿದ್ಯುತ್ ಸಿಕ್ಕಿತು. ಇದೇ ಸೂಕ್ಷ್ಮಜೀವಿ ಇಂಧನಕೋಶ. ಸೂಕ್ಷ್ಮಜೀವಿಗಳಿಂದ ವಿದ್ಯುತ್ ಹುಟ್ಟುವುದನ್ನು ಇಂಗ್ಲೆಂಡಿನ ಸಸ್ಯವಿಜ್ಞಾನಿ ಎಂ. ಸಿ. ಪಾಟರ್ 1911ರಲ್ಲೇ ತೋರಿಸಿದ್ದರು.

ಒಂದು ಕೋಶದಲ್ಲಿ ಒಂದು ವೋಲ್ಟೂ ಹುಟ್ಟದು, ಬೀದಿದೀಪಕ್ಕೆ ಸಾಲದು. ಆದರೆ ಕರೆಂಟು ಬರುತ್ತಿದ್ದಂತೆ ನೀರಿನ ಕೊಳೆಯೂ ಕಡಿಮೆಯಾಗುತ್ತದೆ. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹೊತ್ತಿಕೊಂಡದ್ದನ್ನು ಕಂಡ ಊರಿಗೆ ಅದು ಸಣ್ಣ ಲಾಭವಲ್ಲ.