ಗೋಡೆಗಳಲ್ಲಿ ಉಸಿರಾಡುವ ವಿಶ್ವಾಸ: ಬ್ರದರ್ ಅಂತೋನಿಯೊ ಮೊಸ್ಕೇನಿಯವರ ಕಲಾಜೀವನ

ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಒಳಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಮೇಲಕ್ಕೆ. ಛಾವಣಿ, ಕಮಾನು, ಗೋಡೆ ಎಲ್ಲೆಲ್ಲೂ ಚಿತ್ರಗಳು. ಇವುಗಳನ್ನು ಬರೆದವರು ಇಟಲಿಯ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿ. ನಮ್ಮಲ್ಲಿ ಹಲವರು ಇವರನ್ನು 'ಫಾದರ್ ಮೊಸ್ಕೇನಿ' ಎಂದು ಕರೆಯುವುದುಂಟು. ಅದು ಸರಿಯಲ್ಲ. ಅವರು ಯಾಜಕರಾಗಿರಲಿಲ್ಲ, ಕೈಕೆಲಸದ ಮೂಲಕವೇ ಸೇವೆ ಸಲ್ಲಿಸಿದ ಸಹೋದರರಾಗಿದ್ದರು.

ಬಾಲ್ಯ ಮತ್ತು ಕಲಿಕೆ

ಮೊಸ್ಕೇನಿಯವರು 1854ರ ಜನವರಿಯಲ್ಲಿ ಉತ್ತರ ಇಟಲಿಯ ಬೆರ್ಗಾಮೊ ನಗರದ ಸಮೀಪದ ಸ್ತೆಜ್ಜಾನೊ ಎಂಬಲ್ಲಿ ಜನಿಸಿದರು. ಬೆರ್ಗಾಮೊದ ಪ್ರಸಿದ್ಧ ಕರ್ರಾರ ಕಲಾಶಾಲೆಯಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಬಳಿಕ ರೋಮಿಗೆ ತೆರಳಿ, ವ್ಯಾಟಿಕನ್‌ನಲ್ಲಿರುವ ಮಹಾನ್ ಕಲಾವಿದರ ಕೃತಿಗಳನ್ನು ಕಣ್ಣಾರೆ ಕಂಡು ಅಧ್ಯಯನ ಮಾಡಿದರು. ದೊಡ್ಡ ಗೋಡೆಯ ಮೇಲೆ ಹಲವು ವ್ಯಕ್ತಿಗಳನ್ನು ಒಂದೇ ದೃಶ್ಯದಲ್ಲಿ ಹೇಗೆ ಕೂಡಿಸಬೇಕು, ದೂರದಿಂದ ನೋಡುವವರಿಗೂ ಮುಖಭಾವ ಹೇಗೆ ತಲುಪಬೇಕು ಎಂಬ ಪಾಠಗಳಿಗೆ ಅಲ್ಲಿನ ಗೋಡೆಗಳಿಗಿಂತ ದೊಡ್ಡ ಶಾಲೆ ಬೇರೊಂದಿಲ್ಲ.

1889ರಲ್ಲಿ, ತಮ್ಮ 35ನೇ ವಯಸ್ಸಿನಲ್ಲಿ, ಅವರು ಯೇಸುಸಭೆಯನ್ನು ಸೇರಿದರು. ಕಲಾವಿದನಾಗಿ ಸ್ವಂತ ಹೆಸರು ಗಳಿಸುವ ಪ್ರಾಯದಲ್ಲಿ ಅವರು ಕುಂಚವನ್ನು ಕೆಳಗಿಡಲಿಲ್ಲ. ಅದನ್ನು ದೇವರ ಕೆಲಸಕ್ಕೆ ಒಪ್ಪಿಸಿದರು.

ಮಂಗಳೂರಿನ ಮಹಾಕಾರ್ಯ

ಇಟಲಿಯ ಯೇಸುಸಭೆಯ ಯಾಜಕರು ಮಂಗಳೂರಿಗೆ ಬಂದದ್ದು 1878ರ ಕೊನೆಯಲ್ಲಿ. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಅದೇ ದಶಕದಲ್ಲಿ ಗುಡ್ಡದ ಮೇಲೆ ಪ್ರಾರ್ಥನಾಲಯವೂ ಎದ್ದಿತು. ಆದರೆ ಅದರ ಒಳಭಾಗ ಬಣ್ಣ ಕಂಡದ್ದು 1899ರಲ್ಲಿ ಮೊಸ್ಕೇನಿಯವರು ಕೆಲಸ ಪ್ರಾರಂಭಿಸಿದ ಮೇಲೆ. ಎರಡು ವರ್ಷಕ್ಕೂ ಮಿಕ್ಕಿ ಅವರು ಇಲ್ಲಿ ದುಡಿದರು.

ಗೋಡೆಗಳಿಗೆ ಅವರು ಆರಿಸಿಕೊಂಡದ್ದು 'ಫ್ರೆಸ್ಕೊ' ವಿಧಾನ. ಇದರಲ್ಲಿ ಸುಣ್ಣದ ಗಾರೆ ಇನ್ನೂ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯೊಡನೆ ಸೇರಿ ಗಟ್ಟಿಯಾಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಹೀಗಾಗಿ ಒಂದು ದಿನಕ್ಕೆ ಮುಗಿಸಬಹುದಾದಷ್ಟೇ ಗಾರೆ ಬಳಿಯಬೇಕು. ಒಣಗಿದ ಮೇಲೆ ಸುಲಭವಾಗಿ ತಿದ್ದುವಂತಿಲ್ಲ. ತಪ್ಪಿದರೆ ಕೆರೆದು ಮತ್ತೆ ಮೊದಲಿನಿಂದ ಆರಂಭಿಸಬೇಕು. ಛಾವಣಿಯ ಚಿತ್ರಗಳನ್ನಾದರೋ ಕ್ಯಾನ್ವಾಸ್ ಬಟ್ಟೆಯ ಮೇಲೆ ತೈಲವರ್ಣದಲ್ಲಿ ರಚಿಸಿದರು.

ಛಾವಣಿಯಲ್ಲಿ ಸಂತ ಅಲೋಶಿಯಸ್ ಗೊನ್ಜಾಗರ ಜೀವನದ ಘಟನೆಗಳಿವೆ. ಅರಮನೆಯ ವೈಭವ ತೊರೆದ ಈ ಯುವಕ ರೋಮಿನಲ್ಲಿ ಸಾಂಕ್ರಾಮಿಕ ರೋಗಿಗಳ ಆರೈಕೆ ಮಾಡುತ್ತಾ ತಾವೂ ರೋಗಕ್ಕೆ ತುತ್ತಾಗಿ 1591ರ ಜೂನ್ 21ರಂದು, 23ನೇ ವಯಸ್ಸಿನಲ್ಲಿ ಮೃತಪಟ್ಟರು. ಗೋಡೆಗಳಲ್ಲಿ ಪ್ರಭು ಯೇಸುವಿನ ಜೀವನದ ದೃಶ್ಯಗಳು, ಪ್ರೇಷಿತರು, ಸಂತರು ಇದ್ದಾರೆ. ಮಕ್ಕಳ ಮಿತ್ರನಾದ ಯೇಸುವಿನ ಚಿತ್ರವೂ ಇಲ್ಲಿದೆ. ವಿದ್ಯಾರ್ಥಿಗಳೇ ಬಂದು ಪ್ರಾರ್ಥಿಸುವ ಸ್ಥಳಕ್ಕೆ ಇಂಥ ವಿಷಯಗಳು ಎಷ್ಟು ಸೂಕ್ತ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಎಷ್ಟೋ ಕಡೆ ಕೆತ್ತನೆಯಂತೆ ಕಾಣುವ ಅಲಂಕಾರಗಳು ವಾಸ್ತವದಲ್ಲಿ ನೆರಳು-ಬೆಳಕಿನಿಂದ ಮೂಡಿಸಿದ ಬಣ್ಣ ಮಾತ್ರ.

ಕೊನೆಯ ಕುಂಚ

ಮಂಗಳೂರಿನ ಕೆಲಸದ ಬಳಿಕ ಅವರಿಗೆ ಬೇರೆ ಊರುಗಳಿಂದಲೂ ಕರೆ ಬಂತು. ಮುಂಬಯಿಯ ಹೋಲಿ ನೇಮ್ ಕಥೆಡ್ರಲ್‌ನಲ್ಲಿ ಅವರ ಚಿತ್ರಗಳಿವೆ. ಕೊನೆಯದಾಗಿ ಕೊಚ್ಚಿಯ ಸಾಂತಾ ಕ್ರೂಸ್ ಕಥೆಡ್ರಲ್‌ನಲ್ಲಿ ಕೆಲಸ ಮಾಡಿದರು. ಅಲ್ಲಿನ ಕೊನೆಯ ಭೋಜನದ ಚಿತ್ರದಲ್ಲಿ ಲಿಯೊನಾರ್ಡೊ ದ ವಿಂಚಿಯ ಪ್ರಭಾವ ಸ್ಪಷ್ಟವಾಗಿದೆ. ಆ ದೇವಾಲಯದ ಪ್ರತಿಷ್ಠಾಪನೆ 1905ರ ನವೆಂಬರ್ 19ರಂದು ನಡೆಯಿತು. ಆದರೆ ಅದಕ್ಕೆ ಕೆಲವೇ ದಿನಗಳ ಮೊದಲು ಮೊಸ್ಕೇನಿಯವರು ಕೊಚ್ಚಿಯಲ್ಲಿ ಕೊನೆಯುಸಿರೆಳೆದಿದ್ದರು. ಆಗ ಅವರಿಗೆ 51 ವರ್ಷ.

ನಮ್ಮ ಹೊಣೆ

ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ, ಸೋರುವ ಮಾಡು ಇವೆಲ್ಲ ಗೋಡೆಚಿತ್ರಗಳ ಶತ್ರುಗಳು. 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಸಂತ ಅಲೋಶಿಯಸ್ ಪ್ರಾರ್ಥನಾಲಯದ ಚಿತ್ರಗಳನ್ನು ಸಂರಕ್ಷಿಸಿದರು. ಆದರೆ ಇಂಥ ಭಾಗ್ಯ ಎಲ್ಲ ಹಳೆಯ ಚರ್ಚುಗಳಿಗೂ ದೊರೆಯುವುದಿಲ್ಲ. ವಾರ್ಷಿಕ ಹಬ್ಬ ಹತ್ತಿರವಾದಾಗ 'ಹೊಸತಾಗಿ ಕಾಣಲಿ' ಎಂದು ಹಳೆಯ ಚಿತ್ರದ ಮೇಲೆ ಹೊಸ ಪೈಂಟ್ ಬಳಿಯುವುದು ಸುಲಭ; ಅದರಡಿ ಹೋದದ್ದನ್ನು ಮರಳಿ ಪಡೆಯುವುದು ಬಹಳ ಕಷ್ಟ.

ಆದ್ದರಿಂದ ಚರ್ಚ್ ಪಾಲನಾ ಮಂಡಳಿಯ ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಚರ್ಚಿನಲ್ಲಿ ಹಳೆಯ ಚಿತ್ರಗಳಿದ್ದರೆ ಒದ್ದೆ ಬಟ್ಟೆಯಿಂದ ಒರಸಬೇಡಿ, ಹತ್ತಿರ ಮೇಣದ ಬತ್ತಿ ಹಚ್ಚಬೇಡಿ. ಮೊದಲು ಮಾಡಿನ ಸೋರಿಕೆ ನಿಲ್ಲಿಸಿ, ಚಿತ್ರಗಳ ಫೋಟೊ ತೆಗೆದಿಡಿ, ಬಣ್ಣ ಉದುರುತ್ತಿದ್ದರೆ ತಜ್ಞರ ಸಲಹೆ ಪಡೆಯಿರಿ.

ತಾವು ಬಣ್ಣ ತುಂಬಿದ ಕೊನೆಯ ದೇವಾಲಯದ ಪ್ರತಿಷ್ಠಾಪನೆಯನ್ನು ನೋಡುವ ಭಾಗ್ಯ ಬ್ರದರ್ ಮೊಸ್ಕೇನಿಯವರಿಗೆ ಸಿಗಲಿಲ್ಲ. ಅವರು ಬಿಟ್ಟುಹೋದುದನ್ನು ದಿನವೂ ನೋಡುವ ಭಾಗ್ಯ ನಮಗಿದೆ. ನಮ್ಮ ಮಕ್ಕಳಿಗೂ ಆ ಭಾಗ್ಯ ಉಳಿಯುವಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ.