ಅಜ್ಜ ತೊಡದ ಕೋಟು

ಮಾಟುಂಗಾದ ನಮ್ಮ ಮನೆಯ ಹಜಾರದಲ್ಲಿ, ದೇವರ ಪಟಗಳ ಸಾಲು ಮುಗಿಯುವಲ್ಲಿ, ನನ್ನ ಅಜ್ಜನ ಭಾವಚಿತ್ರವಿದೆ. ಕೊರಳವರೆಗೆ ಗುಂಡಿ ಹಾಕಿದ ಕಪ್ಪು ಕೋಟು, ಒಪ್ಪವಾಗಿ ಬಾಚಿದ ಕ್ರಾಪು, ಹಿಂದೆ ಮೋಡದಂತೆ ಹರಡಿದ ಬೂದುಬಣ್ಣ, ಎಡಹುಬ್ಬಿನ ಮೇಲೆ ಒಂದು ಸಣ್ಣ ಗಾಯದ ಕಲೆ. ಅಜ್ಜ ಬದುಕಿನಲ್ಲಿ ಎಂದೂ ಕೋಟು ತೊಟ್ಟವರಲ್ಲ. ಕುಂದಾಪುರದ ಕಡೆಯಿಂದ ಹದಿಹರೆಯದಲ್ಲೇ ಮುಂಬಯಿಗೆ ಬಂದು, ಫೋರ್ಟಿನ ಹೋಟೆಲೊಂದರ ಅಡುಗೆಮನೆಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವರು. ಅವರು ತೀರಿಕೊಂಡಾಗ ಮನೆಯಲ್ಲಿ ಅವರದೊಂದು ಬಿಡಿ ಚಿತ್ರವೂ ಇರಲಿಲ್ಲ. ಇದ್ದುದು ಹೋಟೆಲಿನ ಕೆಲಸಗಾರರೆಲ್ಲ ಸಾಲಾಗಿ ನಿಂತ ಒಂದು ಗುಂಪಿನ ಫೋಟೋ ಮಾತ್ರ. ಸ್ಟುಡಿಯೋದವರು ಅದರಿಂದ ಮುಖವನ್ನಷ್ಟೇ ಎತ್ತಿ, ಹಿಗ್ಗಿಸಿ, ಕೋಟು ತೊಡಿಸಿ ಕೊಟ್ಟರು.

ಕಳೆದ ವರ್ಷ ಪುಣೆಯಲ್ಲಿರುವ ನನ್ನ ಅಕ್ಕನ ಮಗ ಆ ಪಟವನ್ನು ಮೊಬೈಲಿನಲ್ಲಿ ಸೆರೆಹಿಡಿದು, ಯಾವುದೋ ತಂತ್ರಾಂಶಕ್ಕೆ ಒಪ್ಪಿಸಿ, ಹೊಸದಾಗಿ ಅಚ್ಚು ಹಾಕಿಸಿ ತಂದ. ಮಾಸಿದ್ದು ಹೊಳೆಯುತ್ತಿತ್ತು. ಕೂದಲಿನ ಎಳೆ ಎಳೆಯೂ ಕಾಣುತ್ತಿತ್ತು. ಚರ್ಮ ನುಣುಪಾಗಿತ್ತು, ಹುಬ್ಬಿನ ಮೇಲಿನ ಕಲೆ ಇರಲಿಲ್ಲ. ಎಂಬತ್ತಾರರ ನನ್ನ ಅಮ್ಮ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, "ಚೆನ್ನಾಗಿದೆ ಮಗಾ, ಆದರೆ ಇವರು ಯಾರು?" ಎಂದರು. ಹುಡುಗ ಪೆಚ್ಚಾದ. ನಾನು ಅಮ್ಮನ ಪರ ವಹಿಸಿ ಎರಡು ಮಾತು ಆಡಹೊರಟೆ. ಅಷ್ಟರಲ್ಲಿ ಅವನು ಕೇಳಿದ ಪ್ರಶ್ನೆ ನನ್ನ ಬಾಯಿ ಕಟ್ಟಿತು: "ಹಾಗಾದರೆ ಆ ಕೋಟು ನಿಜವೇ, ಮಾವ?"

ಕಂಪ್ಯೂಟರು ಬಂದು ಛಾಯಾಚಿತ್ರಕಲೆಯನ್ನು ಕೆಡಿಸಿತು ಎಂದು ನಾನೂ ಹಲವು ಸಲ ಹೇಳಿದ್ದುಂಟು. ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತ ಹಳೆಯ ಚರಿತ್ರೆಯನ್ನು ತಿರುವಿದಾಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ತಿದ್ದುವಿಕೆ ಛಾಯಾಚಿತ್ರದಷ್ಟೇ ಹಳೆಯದು. ಅದಕ್ಕೆ ಮೊದಲ ಕಾರಣ ಮನುಷ್ಯನ ಕಪಟವೂ ಅಲ್ಲ, ರಾಸಾಯನಿಕದ ಕುರುಡುತನ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನವು ಗಾಜಿನ ಫಲಕದ ಮೇಲೆ ಸೂಕ್ಷ್ಮ ವಿವರಗಳನ್ನು ಹಿಡಿಯುತ್ತಿತ್ತು. ಆದರೆ ಅದು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿತ್ತು, ಕೆಂಪಿಗೆ ಬಹುಮಟ್ಟಿಗೆ ಕುರುಡಾಗಿತ್ತು. ನೆಲಕ್ಕೆ ಸಾಕಾಗುವಷ್ಟು ಬೆಳಕು ಕೊಟ್ಟರೆ ಆಕಾಶ ಬರಿಯ ಬಿಳಿಯಾಗುತ್ತಿತ್ತು, ಮೋಡಗಳು ಅಳಿಸಿಹೋಗುತ್ತಿದ್ದವು. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1856ರ ಸುಮಾರಿಗೆ ಸಮುದ್ರಕ್ಕೊಂದು, ಆಕಾಶಕ್ಕೊಂದು ಎಂದು ಬೇರೆ ಬೇರೆ ನೆಗೆಟಿವ್ ತೆಗೆದು, ದಿಗಂತದ ಗೆರೆಯಲ್ಲಿ ಎರಡನ್ನೂ ಬೆಸೆದು ಮುದ್ರಿಸಿದ. ನೋಡಿದವರು ಬೆರಗಾದರು. ಕಣ್ಣು ಕಂಡದ್ದನ್ನು ಕ್ಯಾಮರಾ ಕಾಣದಿದ್ದಾಗ, ಕಣ್ಣಿಗೆ ನಿಷ್ಠನಾಗಿರಲು ಅವನಿಗೆ ಕೂಡಿಸದೆ ಬೇರೆ ದಾರಿಯಿರಲಿಲ್ಲ. ಮರುವರ್ಷ ಆಸ್ಕರ್ ರೈಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ 'ಬದುಕಿನ ಎರಡು ದಾರಿಗಳು' ಎಂಬ ದೊಡ್ಡ ಚಿತ್ರ ಮಾಡಿ ಮ್ಯಾಂಚೆಸ್ಟರಿನ ಕಲಾಪ್ರದರ್ಶನದಲ್ಲಿಟ್ಟ. ಕೆಲವರು ಹುಬ್ಬು ಗಂಟಿಕ್ಕಿದರು, ವಿಕ್ಟೋರಿಯಾ ರಾಣಿ ಒಂದು ಪ್ರತಿಯನ್ನು ಕೊಂಡಳು. ಇದು ಕಲೆಯೋ ಕೈಚಳಕವೋ ಎಂಬ ಜಗಳ ಅಂದೇ ಶುರುವಾಗಿ ಇಂದಿಗೂ ಮುಗಿದಿಲ್ಲ.

ಈ ಜಗಳದ ನಮ್ಮ ಊರಿನ ಅಧ್ಯಾಯ ನನಗೆ ಹೆಚ್ಚು ಮುಖ್ಯವಾಗಿ ಕಂಡಿತು. ಲಂಡನ್ನಿನಲ್ಲಿ ಛಾಯಾಗ್ರಾಹಕರ ಸಂಘ ಹುಟ್ಟಿದ ಮರುವರ್ಷವೇ, 1854ರಲ್ಲಿ, ಬೊಂಬಾಯಿಯಲ್ಲೂ ಅಂಥ ಸಂಘ ಆರಂಭವಾಯಿತು. ಭಾವೂ ದಾಜಿಯವರ ತಮ್ಮ ಡಾ. ನಾರಾಯಣ ದಾಜಿ ಅದರ ಆಡಳಿತದಲ್ಲಿದ್ದರು. 1855ರಲ್ಲಿ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಛಾಯಾಗ್ರಹಣದ ತರಗತಿ ನಡೆಯಿತು. ಅಲ್ಲಿ ಕಲಿತ ಹರಿಶ್ಚಂದ್ರ ಚಿಂತಾಮಣ್ ಮುಂದೆ ಊರಿನ ಹೆಸರಾಂತ ಛಾಯಾಗ್ರಾಹಕರಲ್ಲೊಬ್ಬರಾದರು. ಸಂಘದ ಮೊದಲ ಸದಸ್ಯರಲ್ಲಿ ವಿಲಿಯಂ ಜಾನ್ಸನ್ ಎಂಬ ಆಂಗ್ಲನಿದ್ದ. ಅವನು 1863 ಮತ್ತು 1866ರಲ್ಲಿ ಲಂಡನ್ನಿನಿಂದ ಎರಡು ಸಂಪುಟಗಳನ್ನು ಹೊರತಂದ: ಬೊಂಬಾಯಿಯ ನಿವಾಸಿಗಳೂ ಸಂದರ್ಶಕರೂ ಆದ ಪೂರ್ವದೇಶದ ಜನಾಂಗಗಳು ಮತ್ತು ಬುಡಕಟ್ಟುಗಳು ಎಂಬರ್ಥದ ಉದ್ದನೆಯ ಹೆಸರು. ಮುದ್ರಿತ ಛಾಯಾಚಿತ್ರಗಳೊಂದಿಗೆ ಭಾರತದ ಜನರನ್ನು ಹೀಗೆ ವಿಂಗಡಿಸಿ ತೋರಿಸಿದ ಮೊದಲ ಪುಸ್ತಕಗಳಲ್ಲಿ ಅದೊಂದು. ಸರಕಾರವೇ ಹೊರತಂದ 'ಭಾರತದ ಜನರು' ಎಂಬ ಎಂಟು ಸಂಪುಟಗಳ ಮಾಲೆ ಆರಂಭವಾದದ್ದು 1868ರಲ್ಲಿ.

ಜಾನ್ಸನ್ನನ ಪುಟಗಳನ್ನು ಇಂದು ಅಂತರಜಾಲದಲ್ಲಿ ನೋಡಬಹುದು. ನಾನು ಒಂದು ಮಳೆಗಾಲದ ರಾತ್ರಿ ಕುಳಿತು ನೋಡಿದೆ. ಒಂದೊಂದು ಪುಟದಲ್ಲೂ ನಾಲ್ಕೈದು ಜನರ ಗುಂಪು, ಕೆಳಗೆ ಒಂದು ಜಾತಿಯ ಹೆಸರು. ಹಿಂದೆ ಒಂದು ಬಯಲು, ಕಟ್ಟಡ, ಮರಗಳು. ಕೊಂಚ ಹೊತ್ತು ದಿಟ್ಟಿಸಿದರೆ ಏನೋ ತಾಳೆಯಾಗದು. ಜನರ ಮೇಲೆ ಬಿದ್ದ ಬೆಳಕು ಕೋಣೆಯೊಳಗಿನ ಮೃದುವಾದ ಬೆಳಕು, ಹಿಂದಿನ ಕಟ್ಟಡದ ಮೇಲೆ ಬಿದ್ದದ್ದು ಬಿಸಿಲು. ದೇಹದ ಅಂಚು ಕತ್ತರಿಯಾಡಿಸಿದಂತೆ ಚೂಪು. ಜಾನ್ಸನ್ ಜನರನ್ನು ಸ್ಟುಡಿಯೋದಲ್ಲಿ ಕೂರಿಸಿ ಒಂದು ನೆಗೆಟಿವ್ ತೆಗೆದು, ಹೊರಗಿನ ದೃಶ್ಯಕ್ಕೆ ಬೇರೆ ನೆಗೆಟಿವ್ ತೆಗೆದು, ಎರಡನ್ನೂ ಒಂದೇ ಕಾಗದದ ಮೇಲೆ ಕೂಡಿಸಿದ್ದ. ಇಂದಿನ ಹುಡುಗರು ಹಿನ್ನೆಲೆ ಬದಲಾಯಿಸುವುದು ಎನ್ನುವುದೂ ಇದನ್ನೇ, ಅದೂ ನೂರ ಅರವತ್ತು ವರ್ಷಗಳ ಹಿಂದೆ, ನಮ್ಮದೇ ಬೀದಿಗಳ ಮೇಲೆ.

ಆದರೆ ಈ ಬೆಸುಗೆ ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕೊಲೋಡಿಯನ್ ಯುಗದಲ್ಲಿ ಐದಾರು ಜನರನ್ನು ಬೀದಿಯಲ್ಲಿ ಅಲುಗಾಡದಂತೆ ನಿಲ್ಲಿಸುವುದು ಕಷ್ಟ. ಫಲಕವನ್ನು ಒದ್ದೆಯಿರುವಾಗಲೇ ಬಳಸಿ, ಒದ್ದೆಯಿರುವಾಗಲೇ ತೊಳೆಯಬೇಕಿತ್ತು. ಕಾಡಿದ್ದು ಚಿತ್ರದ ಕೆಳಗಿನ ಬರಹ. ಅಲ್ಲಿ ಕುಳಿತ ಹೆಂಗಸಿಗೆ ಒಂದು ಹೆಸರಿದ್ದಿರಬೇಕು, ಒಂದು ಮನೆ, ಆ ದಿನ ಸ್ಟುಡಿಯೋಗೆ ಬರಲು ಒಂದು ಕಾರಣ. ಅವೆಲ್ಲ ಅಳಿದು ಉಳಿದದ್ದು ಜಾತಿಯ ಹೆಸರು. ಒಬ್ಬ ವ್ಯಕ್ತಿಯನ್ನು ಒಂದು ಮಾದರಿಯನ್ನಾಗಿ ಮಾಡಿದ್ದು ಕತ್ತರಿಯಲ್ಲ, ಆ ಎರಡು ಪದಗಳು. ಆ ಪದಗಳನ್ನು ಬರೆಯಲು ನೆಗೆಟಿವ್ ಮುಟ್ಟುವ ಅಗತ್ಯವೇ ಇರಲಿಲ್ಲ.

ಕೈ ಮುಟ್ಟದೆಯೂ ಸುಳ್ಳು ಹೇಳಬಹುದು ಎಂಬುದಕ್ಕೆ ಲಖನೌದ ಸಿಕಂದರ್ ಬಾಗಿನ ಚಿತ್ರ ಇನ್ನೊಂದು ಸಾಕ್ಷಿ. 1857ರ ನವೆಂಬರಿನಲ್ಲಿ ಅಲ್ಲಿ ಕಗ್ಗೊಲೆ ನಡೆಯಿತು. ಫೆಲಿಚೆ ಬಿಯಾಟೊ ಅಲ್ಲಿಗೆ ತಲುಪಿದ್ದು ತಿಂಗಳುಗಳ ನಂತರ, 1858ರಲ್ಲಿ. ಚಿತ್ರದಲ್ಲಿ ಅಂಗಳದ ತುಂಬ ತಲೆಬುರುಡೆ, ಮೂಳೆಗಳು. ಅವನ್ನು ಆತ ಹೊರತೆಗೆಸಿ ಹರಡಿಸಿದನೆಂಬ ಆಪಾದನೆ ಇಂದಿಗೂ ಇದೆ. ನೆಗೆಟಿವ್ ಮಾತ್ರ ಶುದ್ಧವಾಗಿದೆ.

ಇಲ್ಲಿಂದ ನಮ್ಮ ಸಾಮಾನ್ಯರ ಸ್ಟುಡಿಯೋಗಳಿಗೆ ಬರುತ್ತೇನೆ, ಏಕೆಂದರೆ ಅಜ್ಜನ ಕೋಟು ಹೊಲಿದದ್ದು ಅಲ್ಲಿ. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಮ್ಯೂನಿಚ್ ನಗರದ ಫ್ರಾನ್ಜ್ ಹಾನ್ಫ್‌ಸ್ಟೆಂಗ್ಲ್ ಒಂದೇ ಮುಖವನ್ನು ತಿದ್ದುವ ಮುನ್ನ ಮತ್ತು ತಿದ್ದಿದ ನಂತರ ಎಂದು ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ, ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುವ ಕಸುಬು ಜಗತ್ತಿನಾದ್ಯಂತ ಹರಡಿತು. ನಮ್ಮವರು ಅದನ್ನು 'ಟಚಿಂಗ್' ಎಂದೇ ಕರೆದರು. ಓರೆಯಾದ ಮೇಜು, ಹಿಂದಿನಿಂದ ಬೆಳಕು, ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿಯುವಂತೆ ತೆಳುವಾದ ವಾರ್ನಿಶ್, ಉಪ್ಪುಕಾಗದದಲ್ಲಿ ಸೂಜಿಯಂತೆ ಮಸೆದ ಸೀಸದ ಕಡ್ಡಿ. ನೆಗೆಟಿವ್‌ನಲ್ಲಿ ಕಪ್ಪು ಮಾಡಿದ್ದು ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ, ಹಾಗಾಗಿ ಕಣ್ಣಿನ ಕೆಳಗಿನ ಸುಕ್ಕು, ಮೊಡವೆಯ ಗುಳಿ ಎಲ್ಲ ಚುಕ್ಕೆ ಚುಕ್ಕೆಯಾಗಿ ತುಂಬಿಕೊಳ್ಳುತ್ತಿದ್ದವು. ಇದರಲ್ಲಿ ಕೇವಲ ಬಿಳಿ ಬಣ್ಣದ ಮೋಹವನ್ನು ಕಾಣುವುದು ಸುಲಭ, ಮೋಹ ಇದ್ದದ್ದೂ ನಿಜ. ಆದರೆ ಕೆಂಪು ಕಾಣದ ಆ ಕಾಲದ ಫಲಕಗಳು ನಮ್ಮ ಕಂದು ಮೈಬಣ್ಣವನ್ನು ಇದ್ದುದಕ್ಕಿಂತ ಕಪ್ಪಾಗಿ ಹಿಡಿಯುತ್ತಿದ್ದವು ಎಂಬುದನ್ನೂ ಮರೆಯಬಾರದು. ಟಚಿಂಗ್ ಮಾಡುವವನು ಎಷ್ಟೋ ಸಲ ಯಂತ್ರದ ತಪ್ಪನ್ನು ತಿದ್ದುತ್ತಿದ್ದ. ಎಲ್ಲಿ ತಿದ್ದುವಿಕೆ ಮುಗಿದು ಮುಖಸ್ತುತಿ ಆರಂಭವಾಗುತ್ತದೆ ಎಂಬ ಗೆರೆ ಅವನ ಪೆನ್ಸಿಲಿಗೇ ಗೊತ್ತು.

ರಾಜಸ್ಥಾನದ ನಾಥದ್ವಾರದ ಚಿತ್ರಕಾರರು ಗೆರೆಯ ಗೊಡವೆಗೇ ಹೋಗಲಿಲ್ಲ. ಶ್ರೀನಾಥಜಿಯ ಮುಂದೆ ಯಾತ್ರಿಕ ಕುಟುಂಬ ಕೈಮುಗಿದು ನಿಂತಂತೆ ಬರೆದು, ಮುಖದ ಜಾಗಕ್ಕೆ ಅವರವರ ಫೋಟೋವನ್ನು ಕತ್ತರಿಸಿ ಅಂಟಿಸಿ, ಸುತ್ತ ಬಣ್ಣ ಬಳಿಯುತ್ತಿದ್ದರು. ಮನೋರಥ ಎಂದು ಅದಕ್ಕೆ ಹೆಸರು. ಅದನ್ನು ಗೋಡೆಗೆ ತೂಗುಹಾಕಿದವರಲ್ಲಿ ಯಾರಿಗೂ ತಾವು ಮೋಸ ಹೋದೆವೆಂದು ಅನಿಸಿರಲಾರದು. ಮನೋರಥ ಎಂಬ ಹೆಸರೇ ಎಲ್ಲವನ್ನೂ ಹೇಳಿತ್ತು.

ಅತ್ತ ರಷ್ಯಾದಲ್ಲಿ ಅದೇ ಕತ್ತರಿ ಬೇರೆ ಕೆಲಸ ಮಾಡಿತು. ಮಾಸ್ಕೋ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ನನ ಪಕ್ಕದಲ್ಲಿ ನಡೆಯುತ್ತಿದ್ದ ಪೊಲೀಸ್ ಮುಖ್ಯಸ್ಥ ಯೆಜೊವ್, 1940ರಲ್ಲಿ ಅವನಿಗೆ ಮರಣದಂಡನೆಯಾದ ಮೇಲೆ, ಚಿತ್ರದಿಂದಲೂ ಕಾಣೆಯಾದ. ಅವನಿದ್ದ ಜಾಗದಲ್ಲಿ ನೀರು ತುಂಬಿಕೊಂಡಿತು. ಇದಕ್ಕೆ ವ್ಯಾಖ್ಯಾನ ಬೇಡ.

ನನಗೆ ಕಷ್ಟವೆನಿಸುವುದು ನಡುವಿನ ಪ್ರಕರಣಗಳು. ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ಹೆರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರೋದಯವನ್ನು ಸೆರೆಹಿಡಿದ. ಮೊದಲ ಪ್ರಿಂಟುಗಳಲ್ಲಿ ಆಕಾಶ ಬೂದು, ತೆಳು ಮೋಡಗಳಿವೆ. ದಶಕಗಳ ನಂತರದ ಪ್ರಿಂಟುಗಳಲ್ಲಿ ಅದೇ ಆಕಾಶ ಕಾಡಿಗೆಯಂತೆ ಕಪ್ಪು. ಪಿಯಾನೋ ಕಲಿತಿದ್ದ ಆಡಮ್ಸ್ ನೆಗೆಟಿವನ್ನು ಸ್ವರಲಿಪಿಗೆ, ಪ್ರಿಂಟನ್ನು ಕಛೇರಿಗೆ ಹೋಲಿಸುತ್ತಿದ್ದ. ಒಂದೇ ಕೃತಿಯನ್ನು ಪ್ರತಿ ಕಛೇರಿಯಲ್ಲೂ ಬೇರೆಯಾಗಿ ಹಾಡುವುದನ್ನು ಕೇಳಿ ಬೆಳೆದ ನಮಗೆ ಇದು ಸಹಜವಾಗಿಯೇ ಒಪ್ಪಿಗೆಯಾಗುತ್ತದೆ. ಆದರೆ ಯೂಜೀನ್ ಸ್ಮಿತ್? 1954ರಲ್ಲಿ ಲೈಫ್ ಪತ್ರಿಕೆಗಾಗಿ ಆಫ್ರಿಕಾದ ಲಂಬಾರೆನೆಯಲ್ಲಿ ಆಲ್ಬರ್ಟ್ ಶ್ವೈಟ್ಜರರ ಚಿತ್ರ ತೆಗೆದ ಆತ, ಚೌಕಟ್ಟಿನ ಬಲಮೂಲೆ ಬರಿದಾಗಿದೆ ಎನಿಸಿ, ಬೇರೆ ನೆಗೆಟಿವಿನಿಂದ ಒಂದು ಕೈಯನ್ನೂ ಗರಗಸದ ಹಿಡಿಯನ್ನೂ ನೆರಳಾಗಿ ಸೇರಿಸಿದ. ಬಹುಕಾಲ ಅದು ಗುಟ್ಟಾಗಿಯೇ ಇತ್ತು. ಚಿತ್ರ ಮೊದಲಿಗಿಂತ ಚೆನ್ನಾಗಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಓದುಗ ಅದನ್ನು ವರದಿಯೆಂದು ನಂಬಿ ಕೊಂಡಿದ್ದ. ಆಡಮ್ಸ್ ಪಡೆದ ಸ್ವಾತಂತ್ರ್ಯ ಮತ್ತು ಸ್ಮಿತ್ ಕಸಿದ ಸ್ವಾತಂತ್ರ್ಯ ಕತ್ತಲೆಕೋಣೆಯಲ್ಲಿ ಒಂದೇ ಬಗೆಯ ಕೆಲಸ, ಪುಟದ ಮೇಲೆ ಬೇರೆ ಬೇರೆ.

ಕಂಪ್ಯೂಟರು ಇದಕ್ಕೆ ಸೇರಿಸಿದ್ದು ವೇಗವನ್ನು ಮತ್ತು ಗುರುತಿಲ್ಲದ ಅಂಚನ್ನು. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ತನ್ನ ನೀಳ ಮುಖಪುಟಕ್ಕೆ ಹೊಂದಲೆಂದು ಗೀಜಾದ ಪಿರಮಿಡ್ಡುಗಳನ್ನು ಪರಸ್ಪರ ಹತ್ತಿರಕ್ಕೆ ಸರಿಸಿತು. ಫರೋಹನ ಆಳುಗಳಿಗೂ ಸಾಧ್ಯವಾಗದ ಕೆಲಸ! 1990ರಲ್ಲಿ ಫೋಟೋಶಾಪ್ ಮಾರುಕಟ್ಟೆಗೆ ಬಂದ ಮೇಲೆ ಅದು ಎಲ್ಲರ ಕೈಗೂ ಎಟುಕಿತು. 2003ರಲ್ಲಿ ಇರಾಕಿನ ಎರಡು ಚಿತ್ರಗಳನ್ನು ಒಂದಾಗಿಸಿದ ಲಾಸ್ ಏಂಜಲೀಸ್ ಟೈಮ್ಸ್ ಛಾಯಾಗ್ರಾಹಕ ಕೆಲಸ ಕಳೆದುಕೊಂಡ. ಈಗಂತೂ ನಮ್ಮ ಜೇಬಿನ ಫೋನು ಒಂದು ಗುಂಡಿ ಒತ್ತಿದರೆ ಹಲವು ಚಿತ್ರಗಳನ್ನು ತೆಗೆದು, ನಮಗೆ ಹೇಳದೆಯೇ ಬೆಸೆದು ಒಂದು ಮಾಡಿ ಕೊಡುತ್ತದೆ. ಲೆ ಗ್ರೇ ಪಟ್ಟ ಪಾಡು ನಮ್ಮ ಕಣ್ಣೆವೆಯ ಬಡಿತದಲ್ಲಿ ಮುಗಿಯುತ್ತದೆ. ತಿದ್ದದ ಚಿತ್ರ ಬೇಕೆಂದು ಹಟ ಹಿಡಿದರೆ ಸಿಗುವ ಜಾಗವೇ ಇಲ್ಲ.

ಇದನ್ನು ಕಲೆಯ ಸಾವೆಂದು ನಾನು ಭಾವಿಸಲಾರೆ. ವಿವಾನ್ ಸುಂದರಂ 2001ರ ಸುಮಾರಿಗೆ ತಮ್ಮ ತಾತ ಉಮ್ರಾವ್ ಸಿಂಗ್ ಶೇರ್-ಗಿಲ್ ತೆಗೆದ ಮನೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬೆರೆಸಿ, ತಮ್ಮ ಚಿಕ್ಕಂದಿನಿಂದಲೂ ಇಲ್ಲದ ದೊಡ್ಡಮ್ಮ ಅಮೃತಾಳನ್ನು ಬೇರೆ ಬೇರೆ ಕಾಲದ ಬಂಧುಗಳ ನಡುವೆ ನಿಲ್ಲಿಸಿದರು. ಅಲ್ಲಿ ಬೆಸುಗೆಯೇ ವಸ್ತು. ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಕ್ಲೇರ್ ಆರ್ನಿಯವರೊಂದಿಗೆ 2000ದಿಂದ 2004ರವರೆಗೆ ಮಾಡಿದ 'ದಕ್ಷಿಣ ಭಾರತದ ದೇಶೀಯ ಸ್ತ್ರೀಯರು' ಸರಣಿಯನ್ನು ನೋಡಿದಾಗ ಜಾನ್ಸನ್ನನ ನೆನಪು ಬಾರದಿರದು. ಹಳೆಯ ಜನಾಂಗ ಅಧ್ಯಯನದ ಚಿತ್ರಗಳಿಂದ ರವಿವರ್ಮನ ಲಕ್ಷ್ಮಿಯವರೆಗೆ ಎಲ್ಲ ಹೆಂಗಸರ ಜಾಗದಲ್ಲೂ ಪುಷ್ಪಮಾಲಾ ತಾವೇ ವೇಷ ತೊಟ್ಟು ನಿಂತಿದ್ದಾರೆ. ಪರದೆ ಪರದೆಯೆಂದೇ ಕಾಣುತ್ತದೆ. 'ಮಾದರಿ' ಎಂದು ಬರೆದ ಅಡಿಬರಹವೇ ಅಲ್ಲಿ ನಗೆಗೀಡಾಗುತ್ತದೆ.

ಮತ್ತೊಂದು ಕಡೆ ನಿರ್ಬಂಧವೂ ಬೇಕು. ನಿಸರ್ಗದ ಛಾಯಾಗ್ರಹಣಕ್ಕೆ 2014ರಲ್ಲಿ ಅಂತರರಾಷ್ಟ್ರೀಯ ಸಂಘಗಳು ಒಮ್ಮತದಿಂದ ಒಪ್ಪಿದ ನಿಯಮದಂತೆ ಚಿತ್ರದೊಳಗಿನ ಏನನ್ನೂ ಸೇರಿಸುವಂತಿಲ್ಲ, ಸರಿಸುವಂತಿಲ್ಲ, ಅಂಚು ಕತ್ತರಿಸುವುದನ್ನುಳಿದು ತೆಗೆದುಹಾಕುವಂತಿಲ್ಲ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರನ್ನು ಕೊಟ್ಟ ಕರ್ನಾಟಕದಲ್ಲಿ ಇದನ್ನು ಕಟ್ಟುನಿಟ್ಟೆಂದು ಯಾರೂ ಗೊಣಗಲಾರರು. ಗೂಡಿನ ಬಳಿ ಹಕ್ಕಿ ಬರುವವರೆಗೆ ಕಾಯುವುದೇ ಆ ಕಲೆ. ಹಕ್ಕಿಯನ್ನು ಆಮೇಲೆ ತಂದು ಕೂರಿಸಿದರೆ ಕಾದವನಿಗೂ ಕಾಯದವನಿಗೂ ವ್ಯತ್ಯಾಸವೇ ಉಳಿಯದು.

ಇಷ್ಟೆಲ್ಲ ಓದಿದ ಮೇಲೆ ಅಜ್ಜನ ಪಟವನ್ನು ಗೋಡೆಯಿಂದ ಇಳಿಸಿದೆ. ಹಿಂಬದಿಯ ರಟ್ಟಿನ ಮೇಲೆ ಸ್ಟುಡಿಯೋದವನ ಪೆನ್ಸಿಲ್ ಬರಹ ಮಸುಕಾಗಿ ಉಳಿದಿತ್ತು: ತಲೆ ಮಾತ್ರ, ಕೋಟು ಕಪ್ಪು, ಟೈ ಬೇಡ. ಕೋಟು ಹಾಕಿಸಿದ್ದು ಅಪ್ಪ ಎಂದು ಅಮ್ಮ ಹೇಳಿದರು. ಅಕ್ಕನಿಗೆ ಗಂಡು ನೋಡುತ್ತಿದ್ದ ಕಾಲವಂತೆ. ಮನೆಗೆ ಬಂದವರು ಗೋಡೆಯತ್ತ ನೋಡುತ್ತಿದ್ದರು. ಗುಂಪಿನ ಫೋಟೋವನ್ನು ಅಪ್ಪ ಟ್ರಂಕಿನ ತಳಕ್ಕೆ ಹಾಕಿದ್ದರು. ಯಾರದೋ ಮಾದರಿಯಾಗಿ ಅಲ್ಲ, ಯಾರದೋ ಕಣ್ಣಿಗೆ ಹೆದರಿ ನಾವೇ ತೊಡಿಸಿದ ಕೋಟು ಅದು. ಅಕ್ಕನ ಮಗನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಗುಂಪಿನ ಫೋಟೋ ಈಗೆಲ್ಲಿ ಎಂದ.

ಮುಂದಿನ ಭಾನುವಾರ ಬಂದು ಅವನೇ ಅದನ್ನು ಸ್ಕ್ಯಾನ್ ಮಾಡಿದ. ಧೂಳು ಮತ್ತು ಒಂದು ಮಡಿಕೆಯ ಗೆರೆಯನ್ನಷ್ಟೇ ತೆಗೆದ. ಹನ್ನೊಂದು ಜನ ನಿಂತಿದ್ದಾರೆ. ಅಜ್ಜ ಬಲದಿಂದ ಎರಡನೆಯವರು, ಅರ್ಧ ತೋಳಿನ ಬನಿಯನ್ನು, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಹುಬ್ಬಿನ ಮೇಲೆ ಕಲೆ. ಎಡದ ತುದಿಯಲ್ಲಿ ಒಬ್ಬ ಹುಡುಗನ ಅರ್ಧ ಮುಖ ಚೌಕಟ್ಟಿನಾಚೆ ಹೋಗಿದೆ. "ಇವನನ್ನು ಪೂರ್ತಿ ಮಾಡಬಹುದು ಮಾವ, ಮಾಡಲೇ?" ಎಂದು ಕೇಳಿದ. ಬೇಡ ಎಂದೆ. ಅಮ್ಮ ಪೆನ್ಸಿಲ್ ತರಿಸಿಕೊಂಡು ಪ್ರಿಂಟಿನ ಬೆನ್ನಿನ ಮೇಲೆ ತನಗೆ ತಿಳಿದಷ್ಟು ಹೆಸರುಗಳನ್ನು ಬರೆದರು. ನಾಲ್ಕಾದವು. ಉಳಿದ ಏಳು ಜನರ ಜಾಗದಲ್ಲಿ ಏನೂ ಬರೆಯಲಿಲ್ಲ.